ಹಡಗು ನದಿಯಲ್ಲಿ, ನಾವು ಸೈಕಲ್ ಮೇಲೆ: ಡ್ಯಾನ್ಯೂಬ್‌ನಲ್ಲಿ ಒಂದು ವಾರ

ಕ್ರೂಸ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಸಮುದ್ರದ ಮೇಲೆ ತೇಲುವ ಹನ್ನೆರಡು ಮಹಡಿಯ ಹೋಟೆಲ್, ಈಜುಕೊಳ, ಕ್ಯಾಸಿನೊ. ರಜೆ ಮುಗಿಸಿ ಬಂದು ಹಾಸ್ಟೆಲ್‌ನಲ್ಲಿ "ನದಿ ಕ್ರೂಸ್‌ಗೆ ಹೋಗಿದ್ದೆ" ಅಂದಾಗ ಮೆಕ್ಯಾನಿಕಲ್‌ನ ಗೆಳೆಯನೊಬ್ಬ ಕೇಳಿದ: "ನದೀಲಿ ಅಷ್ಟು ದೊಡ್ಡ ಹಡಗು ಹೆಂಗೋ ಹೋಗುತ್ತೆ? ಅಣೆಕಟ್ಟು ಅಡ್ಡ ಬಂದ್ರೆ?" ಪ್ರಶ್ನೆ ಸರಿಯಾಗಿದೆ. ಉತ್ತರ ಒಂದು ಸಾಲಿನಲ್ಲಿ ಮುಗಿಯಲ್ಲ, ಅದಕ್ಕೇ ಈ ಲೇಖನ.

ಮೊದಲೇ ಹೇಳಿಬಿಡ್ತೀನಿ, ದುಡ್ಡು ನನ್ನದಲ್ಲ. ಅಕ್ಕ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಪ್ಪ ನೀರಾವರಿ ಇಲಾಖೆಯಿಂದ ನಿವೃತ್ತರಾದ ವರ್ಷ ಅಪ್ಪ-ಅಮ್ಮನಿಗೆ ಅಂತ ಬುಕ್ ಮಾಡಿದಳು. ನಾನು ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಅಲ್ಲೇ ಇದ್ದೆ, ಸಾಮಾನು ಹೊರೋಕೆ ಒಬ್ಬ ಬೇಕಲ್ಲ, ಸೇರಿಕೊಂಡೆ. ಅಕ್ಕ ಆರಿಸಿದ್ದು "ಆಕ್ಟಿವ್" ಕ್ರೂಸ್. ಮಾಮೂಲಿ ನದಿ ಕ್ರೂಸ್‌ನಲ್ಲಿ ಹಡಗು ಊರಿಗೆ ಬಂದು ನಿಲ್ಲುತ್ತೆ, ಬಸ್ ಬರುತ್ತೆ, ಗೈಡ್ ಒಂದು ಬಾವುಟ ಹಿಡಿದು ಮುಂದೆ ನಡೀತಾರೆ. ಆಕ್ಟಿವ್‌ನಲ್ಲಿ ಬಸ್ಸಿನ ಬದಲು ಸೈಕಲ್ ಇರುತ್ತೆ, ಇಲ್ಲವೇ ಗುಡ್ಡ ಹತ್ತುವ ಚಾರಣ. ಬೆಳಿಗ್ಗೆ ಒಂದು ಊರಿನಲ್ಲಿ ಇಳಿದು ದಡದ ದಾರಿಯಲ್ಲಿ ಸೈಕಲ್ ತುಳಿದು ಹೋದರೆ, ಹಡಗು ಮುಂದಿನ ಊರಿಗೆ ತಾನೇ ಹೋಗಿ ಕಾಯ್ತಾ ಇರುತ್ತೆ. ಮಂಡಿ ನೋವಿನವರಿಗೆ ಇ-ಬೈಕ್. ನಮ್ಮಪ್ಪನಿಗೆ ಅದನ್ನೇ ಕೊಟ್ಟರು. ಮೊದಲ ದಿನ "ನನಗೇನು ವಯಸ್ಸಾಗಿದ್ಯಾ" ಅಂತ ಮುಖ ಸಣ್ಣಗೆ ಮಾಡಿಕೊಂಡರು, ಎರಡನೇ ದಿನದಿಂದ ನಮಗೆ ಕೈಗೇ ಸಿಗಲಿಲ್ಲ.

ಈಗ ಹಡಗಿನ ವಿಷಯ. ಯೂರೋಪಿನ ನದಿ ಕ್ರೂಸ್ ಹಡಗುಗಳನ್ನು ಸಾಲಾಗಿ ನೋಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿರುತ್ತವೆ. ಉದ್ದ ಸುಮಾರು 135 ಮೀಟರ್, ಅಂದರೆ ರೈಲಿನ ಐದಾರು ಬೋಗಿಯಷ್ಟು. ಅಗಲ ಬರೀ 11.4 ಮೀಟರ್. ಇಷ್ಟು ಸಪೂರ ಯಾಕೆ? ಜರ್ಮನಿಯ ಮೈನ್ ನದಿಯಲ್ಲೂ, ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸುವ ಕಾಲುವೆಯಲ್ಲೂ ಇರುವ ಲಾಕ್‌ಗಳ ಅಗಲ 12 ಮೀಟರ್. ಹಡಗು ಒಳಗೆ ಹೋದಾಗ ಎರಡೂ ಬದಿಗೆ ಉಳಿಯೋದು ಮೂವತ್ತು ಸೆಂಟಿಮೀಟರ್, ನಮ್ಮ ಜಾಮಿಟ್ರಿ ಬಾಕ್ಸ್‌ನ ಉದ್ದದ ಸ್ಕೇಲಿನಷ್ಟು. ಎತ್ತರವೂ ಹಾಗೇ. ಕಾಲುವೆಯ ಸೇತುವೆಗಳ ಕೆಳಗೆ ಆರು ಮೀಟರ್ ಆಸುಪಾಸು ಜಾಗ. ಅದಕ್ಕೇ ಮೇಲಿನ ಡೆಕ್‌ನ ಕಂಬಿ, ಕೊಡೆ, ಕುರ್ಚಿ ಎಲ್ಲ ಮಡಚಿ ಮಲಗಿಸೋ ಹಾಗಿರುತ್ತೆ, ಕ್ಯಾಪ್ಟನ್ ಕೂರುವ ಕೋಣೆಯೇ ಹೈಡ್ರಾಲಿಕ್ ಮೇಲೆ ಕೆಳಗಿಳಿಯುತ್ತೆ. ಒಟ್ಟಿನಲ್ಲಿ ಹಡಗಿನ ಅಳತೆಯನ್ನು ತೀರ್ಮಾನ ಮಾಡಿರೋದು ಹಡಗು ಕಟ್ಟುವವರಿಗಿಂತ ಹೆಚ್ಚಾಗಿ ಲಾಕ್ ಕಟ್ಟಿದ ಸಿವಿಲ್‌ನವರು. (ಮೆಕ್ಯಾನಿಕಲ್‌ನವರು ಕ್ಷಮಿಸಬೇಕು.)

ಲಾಕ್ ಅಂದ್ರೆ ನೀರಿನ ಲಿಫ್ಟ್. ಅಣೆಕಟ್ಟಿನ ಪಕ್ಕದಲ್ಲಿ ಕಾಂಕ್ರೀಟಿನ ಉದ್ದನೆ ತೊಟ್ಟಿ, ಎರಡೂ ತುದಿಗೆ ಗೇಟು. ಹಡಗು ಮೇಲಿನಿಂದ ಬಂದು ತುಂಬಿದ ತೊಟ್ಟಿಯೊಳಗೆ ನಿಲ್ಲುತ್ತೆ, ಹಿಂದಿನ ಗೇಟು ಮುಚ್ಚುತ್ತೆ, ಕೆಳಗಡೆ ವಾಲ್ವ್ ತೆಗೆದರೆ ನೀರು ನದಿಗೆ ಹರಿದುಹೋಗುತ್ತೆ, ಹಡಗು ನೀರಿನ ಜೊತೆ ಇಳಿಯುತ್ತೆ, ಮುಂದಿನ ಗೇಟು ತೆರೆಯುತ್ತೆ. ಹತ್ತೋದು ಇದರದೇ ಉಲ್ಟಾ. ಪಂಪ್ ಬೇಕಿಲ್ಲ, ಗುರುತ್ವಾಕರ್ಷಣೆಯೇ ಸಾಕು. ಆಸ್ಟ್ರಿಯಾದ ಡ್ಯಾನ್ಯೂಬ್‌ನಲ್ಲಿ ಹೆಚ್ಚಿನ ತೊಟ್ಟಿಗಳು 230 ಮೀಟರ್ ಉದ್ದ, 24 ಮೀಟರ್ ಅಗಲ. ಹತ್ತು ಮೀಟರ್ ಇಳಿಸಬೇಕು ಅಂದುಕೊಳ್ಳಿ, ಗುಣಿಸಿ ನೋಡಿ: 55,200 ಘನ ಮೀಟರ್, ಅಂದರೆ ಐದೂವರೆ ಕೋಟಿ ಲೀಟರ್ ನೀರು. ದೊಡ್ಡ ನದಿಗೆ ಅದೇನೂ ಲೆಕ್ಕಕ್ಕಿಲ್ಲ. ಆದರೆ ನಾನು ಹೇಳಿದ ಕಾಲುವೆಗೆ ಲೆಕ್ಕ.

ಆ ಕಾಲುವೆಯದ್ದು ಒಳ್ಳೆ ಕತೆ. ರೈನ್ ಕಡೆಯ ನೀರು ಉತ್ತರ ಸಮುದ್ರಕ್ಕೆ ಹೋಗುತ್ತೆ, ಡ್ಯಾನ್ಯೂಬ್ ಕಪ್ಪು ಸಮುದ್ರಕ್ಕೆ. ಎರಡನ್ನೂ ಸೇರಿಸಬೇಕು ಅಂತ ಶಾರ್ಲಮೇನ್ ಚಕ್ರವರ್ತಿ 793ರಲ್ಲೇ ಅಗೆಯೋಕೆ ಕೈಹಾಕಿದ್ದ. 1846ರಲ್ಲಿ ನೂರು ಲಾಕ್‌ಗಳ ಒಂದು ಕಿರಿದಾದ ಕಾಲುವೆ ಮುಗಿಯಿತು, ರೈಲು ಬಂದು ಅದನ್ನು ತಿಂದುಹಾಕಿತು. ಈಗಿನ 171 ಕಿ.ಮೀ. ಕಾಲುವೆ ಪೂರ್ತಿಯಾಗಿದ್ದು 1992ರಲ್ಲಿ. ಹಡಗುಗಳು 16 ಲಾಕ್ ದಾಟಿ ಸಮುದ್ರಮಟ್ಟದಿಂದ 406 ಮೀಟರ್ ಎತ್ತರದ ನೆತ್ತಿ ಹತ್ತಿ ಆಚೆ ಇಳಿಯುತ್ತವೆ. ಕೆಲವು ಲಾಕ್‌ಗಳಲ್ಲಿ ಒಂದೇ ಏಟಿಗೆ 24.67 ಮೀಟರ್, ಎಂಟು ಮಹಡಿಯಷ್ಟು. ನೆತ್ತಿಯ ಮೇಲೆ ನೀರು ಎಲ್ಲಿಂದ ತರೋದು? ಹೆಚ್ಚಿನ ಲಾಕ್‌ಗಳ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊಳಗಳಿವೆ. ಖಾಲಿ ಮಾಡುವಾಗ ನೀರನ್ನು ಅವುಗಳಲ್ಲಿ ಹಿಡಿದಿಟ್ಟು, ಮತ್ತೆ ತುಂಬುವಾಗ ವಾಪಸ್ ಬಿಡ್ತಾರೆ. ಹೀಗೆ ಸುಮಾರು 60 ಶೇಕಡಾ ನೀರು ಉಳಿಯುತ್ತೆ. ಮಂಡ್ಯದ ಕಾಲುವೆಗಳಲ್ಲಿ ನೀರಿನ ಸರದಿ ಹಂಚಿ ಹಂಚಿ ಸಾಕಾಗಿದ್ದ ಅಪ್ಪ, ಈ ಕೊಳಗಳ ಚಿತ್ರವನ್ನು ಅಕ್ಕನ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಚಿತ್ರದಲ್ಲಿ ಯಾಕೆ ಅಂದರೆ ನಮ್ಮ ಹಡಗು ಆ ಕಾಲುವೆಗೆ ಹೋಗೋದಲ್ಲ. ನಮ್ಮದು ರೇಗನ್ಸ್‌ಬುರ್ಗ್ ಎಂಬ ಊರಿನಿಂದ ಹೊರಟು ಪಾಸೌ, ವಿಯೆನ್ನಾ, ಬ್ರಾಟಿಸ್ಲಾವಾ ಮೂಲಕ ಬುಡಾಪೆಸ್ಟ್. ಹೊರಡುವ ಹಿಂದಿನ ದಿನ ಕಂಪನಿಯಿಂದ ಸಂದೇಶ ಬಂತು: ನದಿಯಲ್ಲಿ ನೀರು ಕಡಿಮೆ, ಹಡಗು ರೇಗನ್ಸ್‌ಬುರ್ಗ್‌ವರೆಗೆ ಬರಲ್ಲ, ನಿಮ್ಮನ್ನು ಬಸ್ಸಿನಲ್ಲಿ ಪಾಸೌಗೆ ಕರೆದೊಯ್ಯುತ್ತೇವೆ. ದುಡ್ಡು ವಾಪಸ್ ಇಲ್ಲ. ಕರಾರಿನ ಸಣ್ಣ ಅಕ್ಷರದಲ್ಲಿ ಅದೆಲ್ಲ ಬರೆದೇ ಇತ್ತು, ನಾವು ಓದಿರಲಿಲ್ಲ.

ಬಸ್ಸಿನ ಕಿಟಕಿ ಪಕ್ಕ ಕೂತ ಅಪ್ಪ ನಕ್ಷೆ ತೆಗೆಸಿ ನೋಡಿದರು. ಸ್ಟ್ರೌಬಿಂಗ್‌ನಿಂದ ಫಿಲ್ಸ್‌ಹೋಫೆನ್‌ವರೆಗೆ ಸುಮಾರು 70 ಕಿ.ಮೀ. ಡ್ಯಾನ್ಯೂಬ್‌ಗೆ ಅಡ್ಡ ಒಂದೂ ಅಣೆಕಟ್ಟಿಲ್ಲ. ಅದಕ್ಕೂ ಮೇಲೆ, ಅದಕ್ಕೂ ಕೆಳಗೆ ಇದೆ, ಇಲ್ಲಿ ಮಾತ್ರ ನದಿ ತನ್ನ ಪಾಡಿಗೆ ಹರಿಯುತ್ತೆ. ಅಣೆಕಟ್ಟಿರೋ ಕಡೆ ಬೇಸಿಗೆಯಲ್ಲೂ ಹಿನ್ನೀರಿನ ಆಳ ಸಿಗುತ್ತೆ. ಇಲ್ಲಿ ಮಳೆ ಬಂದಷ್ಟು ಆಳ. ನಮ್ಮ ಹಡಗು ನೀರಿನೊಳಗೆ ಮುಳುಗೋದು ಒಂದೂವರೆ ಮೀಟರ್ ಆಸುಪಾಸು, ಅಷ್ಟಕ್ಕೂ ಕೊರತೆ. "ಒಂದು ಬ್ಯಾರೇಜ್ ಕಟ್ಟಿದ್ರೆ ಮುಗೀತಿತ್ತಲ್ಲೋ, ಇಷ್ಟು ದುಡ್ಡಿರೋ ದೇಶ" ಅಂದರು ಅಪ್ಪ. ಕಟ್ಟೋಕೆ ಯೋಜನೆ ಇತ್ತು, ದಶಕಗಳ ಕಾಲ ಜಗಳವಾಯಿತು, ಕೊನೆಗೆ 2013ರಲ್ಲಿ ಬವೇರಿಯಾ ಸರ್ಕಾರವೇ ಅಣೆಕಟ್ಟು ಬೇಡ, ತಳವನ್ನೂ ದಡವನ್ನೂ ಸರಿಪಡಿಸಿದಷ್ಟು ಸಾಕು ಅಂತ ತೀರ್ಮಾನಿಸಿತು. ನಾನು ಇದನ್ನು ಓದಿ ಹೇಳಿದೆ. ಅಪ್ಪ "ಹುಂ" ಅಂದರು. ಇಲಾಖೆಯ "ಹುಂ" ಅದು, ಒಪ್ಪಿಗೆ ಅಂತ ಅರ್ಥ ಅಲ್ಲ.

ಪಾಸೌನಲ್ಲಿ ಡ್ಯಾನ್ಯೂಬ್‌ಗೆ ಇನ್ ಮತ್ತು ಇಲ್ಟ್ಸ್ ಎಂಬ ಎರಡು ನದಿ ಸೇರುತ್ತವೆ. ನೀರು ಕಡಿಮೆ ಅಂತ ಗೊಣಗುತ್ತಾ ಬಂದವರಿಗೆ ಅಲ್ಲಿನ ಪುರಭವನದ ಗೋಡೆ ತೋರಿಸಬೇಕು. ಪ್ರವಾಹ ಬಂದ ವರ್ಷಗಳನ್ನು ಗೆರೆ ಹಾಕಿ ಬರೆದಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು, 1501ರ ನಂತರ ಅಷ್ಟು ಬಂದಿರಲಿಲ್ಲ. ನೀರು ಹೆಚ್ಚಾದರೂ ಕ್ರೂಸ್ ನಿಲ್ಲುತ್ತೆ, ಸೇತುವೆ ಕೆಳಗೆ ಹಡಗು ತೂರಲ್ಲ.

ಪಾಸೌನಿಂದ ವಿಯೆನ್ನಾಕ್ಕೆ ನದಿ ದಾರಿಯಲ್ಲಿ ಸುಮಾರು 300 ಕಿ.ಮೀ., ಇಳಿಯೋದು 130 ಮೀಟರ್ ಆಸುಪಾಸು. ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ. ಈ ದಡಗಳಲ್ಲಿ ಸೈಕಲ್ ಯಾಕೆ ಇಷ್ಟು ಜನಪ್ರಿಯ ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಡ. ಡ್ಯಾನ್ಯೂಬ್ ಸೈಕಲ್ ದಾರಿ ಎರಡೂ ದಡದಲ್ಲಿ ಬಹುಪಾಲು ಕಾರುಗಳಿಲ್ಲದೆ, ಟಾರು ಹಾಕಿ, ಬೋರ್ಡು ಹಾಕಿ ಇಟ್ಟಿದ್ದಾರೆ. ಹತ್ತಬೇಕು ಅಂತ ಆಸೆ ಇರೋರಿಗೆ ಶ್ಲೋಗೆನ್ ಇದೆ. ಅಲ್ಲಿ ಗಟ್ಟಿ ಬಂಡೆ ಅಡ್ಡ ಬಂದು ನದಿ ಪೂರ್ತಿ ಯೂ-ಟರ್ನ್ ಹೊಡೆಯುತ್ತೆ. ದಡದಿಂದ ಅರ್ಧ ಗಂಟೆ ಕಾಡಿನ ಮೆಟ್ಟಿಲು ಹತ್ತಿದರೆ ತಿರುವು ಇಡೀ ಒಂದೇ ನೋಟಕ್ಕೆ ಕಾಣುತ್ತೆ. ಅಮ್ಮ ಹತ್ತಿದರು. ನಾನು ಏದುಸಿರು ಬಿಡ್ತಿದ್ದೆ, ಅಮ್ಮ ಅಲ್ಲ.

ಲಿಂಟ್ಸ್ ದಾಟಿದ ಮೇಲೆ ಮೌಟ್‌ಹೌಸೆನ್. ಗುಂಪಿನಲ್ಲಿ ಕೆಲವರು ಅದನ್ನು ಬಿಟ್ಟು ನೇರ ಹೋದರು, ರಜೆಯಲ್ಲಿ ಅದೆಲ್ಲ ಯಾಕೆ ಅಂತ. ನಾವು ಹೋದೆವು. 1938ರಿಂದ 1945ರವರೆಗೆ ನಾಜಿಗಳ ಯಾತನಾ ಶಿಬಿರ ಇದ್ದ ಜಾಗ. ಈ ಶಿಬಿರ ಮತ್ತು ಅದರ ಉಪಶಿಬಿರಗಳಿಗೆ ತಂದವರು ಸುಮಾರು 1,90,000 ಜನ, ಸತ್ತವರು ಕನಿಷ್ಠ 90,000. ಗ್ರಾನೈಟ್ ಕ್ವಾರಿಯ ಪಕ್ಕದಲ್ಲಿ ಬೇಕೆಂದೇ ಶಿಬಿರ ಮಾಡಿದ್ದರು. ಕೈದಿಗಳು ಕಲ್ಲು ಹೊತ್ತು ಹತ್ತಿದ 186 ಮೆಟ್ಟಿಲು ಇವತ್ತೂ ಇದೆ. ಕಟ್ಟಡದ ಕಲ್ಲು ಬೇಕು ಅನ್ನೋ ಲೆಕ್ಕಾಚಾರವನ್ನೂ ಯಾರೋ ನಮ್ಮಂತೆ ಓದಿದವರೇ ಮಾಡಿರಬೇಕು. ವಾಪಸ್ ದಡಕ್ಕೆ ಬರುವ ತನಕ ನಾವ್ಯಾರೂ ಮಾತಾಡಲಿಲ್ಲ.

ಈ ಪ್ರವಾಸದಲ್ಲಿ ಒಂದೇ ದಿನ ಸೈಕಲ್ ಹತ್ತೋದು ಅಂತಿದ್ದರೆ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ದಿನ ಹತ್ತಿ. ಈ 36 ಕಿ.ಮೀ. ಕಣಿವೆಗೆ ವಾಖೌ ಅಂತ ಹೆಸರು. ಮೆಲ್ಕ್‌ನಲ್ಲಿ ಬಂಡೆಯ ಮೇಲೆ ಹಳದಿ ಬಣ್ಣದ ದೊಡ್ಡ ಮಠ, 1089ರಿಂದ ಅಲ್ಲಿ ಸನ್ಯಾಸಿಗಳಿದ್ದಾರೆ, ಈಗಿನ ಕಟ್ಟಡ 1702ರಲ್ಲಿ ಶುರುವಾದದ್ದು. ಬೆಳಿಗ್ಗೆ ಅದನ್ನು ನೋಡಿ ಸೇತುವೆ ದಾಟಿ ಉತ್ತರ ದಡಕ್ಕೆ ಬಂದೆವು. ಒಂದು ಕಡೆ ನೀರು, ಇನ್ನೊಂದು ಕಡೆ ಗಾರೆ ಇಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಊರೂರಿಗೂ ಏಪ್ರಿಕಾಟ್ ಹಣ್ಣಿನ ಜಾಮ್ ಮಾರುವ ಅಂಗಡಿ. ವಿಲೆನ್‌ಡಾರ್ಫ್ ಎಂಬ ಪುಟ್ಟ ಹಳ್ಳಿ ಸಿಗುತ್ತೆ, ಸುಮ್ಮನೆ ದಾಟಿಬಿಡಬಹುದು. 1908ರಲ್ಲಿ ರೈಲು ಹಳಿ ಹಾಕುವಾಗ ನಡೆದ ಉತ್ಖನನದಲ್ಲಿ ಅಲ್ಲಿ ಅಂಗೈ ಅಗಲದ, 11 ಸೆಂ.ಮೀ. ಎತ್ತರದ ಕಲ್ಲಿನ ಹೆಣ್ಣಿನ ಮೂರ್ತಿ ಸಿಕ್ಕಿತು, ವಯಸ್ಸು ಮೂವತ್ತು ಸಾವಿರ ವರ್ಷದ ಹತ್ತಿರ. ಅಸಲಿ ವಿಯೆನ್ನಾದ ಮ್ಯೂಸಿಯಮ್‌ನಲ್ಲಿದೆ.

ಸ್ಪಿಟ್ಸ್ ಎಂಬಲ್ಲಿ ನಮ್ಮ ಟೈಮ್‌ಟೇಬಲ್ ಕೆಟ್ಟಿತು. ಅಲ್ಲಿ ನದಿ ದಾಟಿಸುವ ಒಂದು ಫೆರಿ ಇದೆ. ಕಾರು, ಸೈಕಲ್, ಜನ ಎಲ್ಲ ಹತ್ತುತ್ತಾರೆ, ಮೋಟಾರ್ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಒಂದು ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ಉರುಳುವ ರಾಟೆಗೆ ದೋಣಿಯನ್ನು ಕಟ್ಟಿದ್ದಾರೆ. ಚುಕ್ಕಾಣಿ ತಿರುಗಿಸಿ ದೋಣಿಯನ್ನು ಹರಿವಿಗೆ ಓರೆಯಾಗಿ ನಿಲ್ಲಿಸಿದರೆ ಸಾಕು. ನೀರು ಓರೆ ಮೈಗೆ ತಳ್ಳುತ್ತೆ, ಆ ಬಲದ ಒಂದು ಭಾಗ ಕೆಳಕ್ಕೆ, ಒಂದು ಭಾಗ ಅಡ್ಡಕ್ಕೆ. ಕೆಳಕ್ಕೆ ಎಳೆಯುವುದನ್ನು ಹಗ್ಗ ತಡೆದುಕೊಳ್ಳುತ್ತೆ, ಅಡ್ಡಕ್ಕೆ ತಳ್ಳುವುದು ದೋಣಿಯನ್ನು ಆಚೆ ದಡಕ್ಕೆ ಒಯ್ಯುತ್ತೆ. ವಾಪಸ್ ಬರೋಕೆ ಓರೆಯನ್ನು ಈ ಕಡೆಗೆ ತಿರುಗಿಸಿದರಾಯ್ತು. ಮೊದಲ ಸೆಮಿಸ್ಟರ್‌ನ ಮೆಕ್ಯಾನಿಕ್ಸ್‌ನಲ್ಲಿ ಬಲವನ್ನು ಎರಡು ದಿಕ್ಕಿಗೆ ಬಿಡಿಸಿ ಬರೆದಿದ್ದೀವಲ್ಲ, ಅದೇ ಇದು.

ಅಪ್ಪ ಆ ಫೆರಿಯಲ್ಲಿ ಆಚೆ ಹೋದರು, ಈಚೆ ಬಂದರು, ಮತ್ತೆ ಆಚೆ ಹೋದರು. ಗೈಡ್ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅಮ್ಮ ಈ ದಡದಿಂದ "ರೀ, ಹಡಗು ಹೊರಟೋಗುತ್ತೆ ರೀ!" ಅಂತ ಕೂಗಿದರು. ಮೂರನೇ ಸಲ ಬಂದಾಗ ಅಪ್ಪ ನನ್ನ ಪಕ್ಕ ಸೈಕಲ್ ನಿಲ್ಲಿಸಿ, "ಇಲ್ಲಿ ಬ್ಯಾರೇಜ್ ಕಟ್ಟಿದ್ರೆ ಇದು ಓಡಲ್ಲ, ಅಲ್ವಾ?" ಅಂದರು.

ಓಡಲ್ಲ. ಹಿನ್ನೀರಿನಲ್ಲಿ ಹರಿವು ಎಲ್ಲಿಂದ ಬರಬೇಕು? ವಾಖೌನಲ್ಲೂ ಜಲವಿದ್ಯುತ್ ಯೋಜನೆ ಇತ್ತು, ಅಲ್ಲಿನ ಜನ ವಿರೋಧಿಸಿ ನಿಲ್ಲಿಸಿದರು. 2000ದಲ್ಲಿ ಕಣಿವೆ ಯುನೆಸ್ಕೊ ಪಟ್ಟಿಗೆ ಸೇರಿತು. ಆಸ್ಟ್ರಿಯಾದ ಡ್ಯಾನ್ಯೂಬ್ ಬಹುಪಾಲು ಅಣೆಕಟ್ಟುಗಳ ಸರಪಳಿ, ಒಂದರ ಹಿನ್ನೀರು ಮುಗಿಯುವಲ್ಲಿ ಇನ್ನೊಂದರ ಬುಡ. ಸ್ವಂತ ವೇಗದಲ್ಲಿ ಹರಿಯುವ ಉದ್ದನೆ ಜಾಗ ಉಳಿದಿರೋದು ಎರಡೇ, ಒಂದು ವಾಖೌ, ಇನ್ನೊಂದು ವಿಯೆನ್ನಾದ ಪೂರ್ವಕ್ಕೆ. ಪೂರ್ವದ್ದೂ ಸುಮ್ಮನೆ ಉಳಿದದ್ದಲ್ಲ. 1984ರ ಡಿಸೆಂಬರ್ ಚಳಿಯಲ್ಲಿ ಹೈನ್‌ಬುರ್ಗ್ ಬಳಿಯ ಕಾಡು ಕಡಿಯೋಕೆ ಬಂದಾಗ ಸಾವಿರಾರು ಜನ, ಅದರಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳು ಬೇಕಾದಷ್ಟು, ಅಲ್ಲೇ ಟೆಂಟು ಹಾಕಿ ಕೂತರು. ಕೆಲಸ ನಿಂತಿತು. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಹಾಗಂತ ಆ ದೇಶ ಅಣೆಕಟ್ಟು ಕಟ್ಟೋದನ್ನೇ ಬಿಡಲಿಲ್ಲ. 1991ರಲ್ಲಿ ವಿಯೆನ್ನಾದ ಜನರ ಮತ ಕೇಳಿ, ಒಪ್ಪಿಗೆ ಸಿಕ್ಕ ಮೇಲೆ ನಗರದೊಳಗೇ ಫ್ರಾಯ್ಡೆನೌ ವಿದ್ಯುತ್ ಸ್ಥಾವರ ಕಟ್ಟಿದರು. ನಮ್ಮ ಹಡಗನ್ನು ಬಸ್ಸಾಗಿಸಿದ ಕಾರಣವೂ, ಇಡೀ ವಾರದ ಅತಿ ಒಳ್ಳೆ ದಿನದ ಕಾರಣವೂ ಒಂದೇ ಅನ್ನೋದು ನನಗೆ ಹೊಳೆದದ್ದು ಆ ಫೆರಿಯ ಎದುರು.

ಹಡಗು ಸಿಕ್ಕಿತು, ಹತ್ತು ನಿಮಿಷ ಉಳಿದಿತ್ತು. ಡ್ಯೂರ್ನ್‌ಸ್ಟೈನ್‌ನ ಗುಡ್ಡ ಹತ್ತಿ ಕೋಟೆ ನೋಡೋದು ಮಾತ್ರ ತಪ್ಪಿತು. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರ ಚಳಿಗಾಲದಲ್ಲಿ ಸೆರೆ ಇಟ್ಟಿದ್ದ ಕೋಟೆ ಅದು. ಕೆಳಗಿನಿಂದಲೇ ಕೈಮುಗಿದು ಬಂದೆವು.

ವಿಯೆನ್ನಾದಲ್ಲಿ ಎಲ್ಲರೂ ಅರಮನೆಗೆ ಹೋಗ್ತಾರೆ, ನೀವೂ ಹೋಗಿ. ಆದರೆ ಸಂಜೆ ಸೈಕಲ್ ತಗೊಂಡು ಡೊನೌಇನ್ಸೆಲ್ ದ್ವೀಪಕ್ಕೂ ಹೋಗಿ, ಹಡಗು ನಿಲ್ಲುವ ಜಾಗದ ಎದುರಿಗೇ ಇದೆ. ಪ್ರವಾಹದ ನೀರಿಗೆ ದಾರಿ ಮಾಡೋಕೆ 1972ರಿಂದ 1988ರವರೆಗೆ 21 ಕಿ.ಮೀ. ಉದ್ದಕ್ಕೆ ಎರಡನೇ ಪಾತ್ರ ಅಗೆದರು, ಅಗೆದ ಮಣ್ಣನ್ನು ಮಧ್ಯದಲ್ಲಿ ಸುರಿದು ದ್ವೀಪ ಮಾಡಿದರು. ಸೆಕೆಂಡಿಗೆ 14,000 ಘನ ಮೀಟರ್ ನೀರು ಬಂದರೂ ನಗರ ಮುಳುಗಬಾರದು ಅನ್ನೋ ವಿನ್ಯಾಸ. ಬಾಕಿ ದಿನಗಳಲ್ಲಿ ಜನ ಅಲ್ಲಿ ಈಜ್ತಾರೆ, ಮಾಂಸ ಸುಡ್ತಾರೆ, ಮಕ್ಕಳಿಗೆ ಸೈಕಲ್ ಕಲಿಸ್ತಾರೆ.

ಬ್ರಾಟಿಸ್ಲಾವಾ ದಾಟಿ ಮಧ್ಯರಾತ್ರಿ ಗಾಬ್ಚೀಕೊವೊ ಲಾಕ್. ಅಪ್ಪ ನನ್ನನ್ನು ಎಬ್ಬಿಸಿ ಡೆಕ್ಕಿಗೆ ಕರೆದೊಯ್ದರು. ಜೆಕೊಸ್ಲೊವಾಕಿಯಾ ಮತ್ತು ಹಂಗೇರಿ 1977ರಲ್ಲಿ ಒಪ್ಪಂದ ಮಾಡಿಕೊಂಡು ಶುರುಮಾಡಿದ ಯೋಜನೆ. 1989ರಲ್ಲಿ ಹಂಗೇರಿ ತನ್ನ ಪಾಲಿನ ಕೆಲಸ ನಿಲ್ಲಿಸಿತು, ಸ್ಲೊವಾಕಿಯಾ ಕಡೆಯವರು ಮುಂದುವರಿಸಿದರು. ವ್ಯಾಜ್ಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 1997ರಲ್ಲಿ ತೀರ್ಪು ಬಂತು: ಇಬ್ಬರದ್ದೂ ತಪ್ಪಿದೆ, ಕೂತು ಮಾತಾಡಿಕೊಳ್ಳಿ. ಕಾವೇರಿಯ ಕಡತಗಳ ನಡುವೆ ನೌಕರಿ ಮುಗಿಸಿದ ಅಪ್ಪನಿಗೆ ಇದರ ವಿವರಣೆ ಬೇಕಾಗಲಿಲ್ಲ. ದೀಪದ ಬೆಳಕಿನಲ್ಲಿ ಒದ್ದೆ ಕಾಂಕ್ರೀಟ್ ಗೋಡೆ ಮೇಲೇಳುತ್ತಾ ಹೋಯ್ತು. ನಾವು ಇಳೀತಿದ್ದೆವು, ಕಣ್ಣಿಗೆ ಮಾತ್ರ ಹಾಗೆ ಕಾಣುತ್ತೆ.

ಬುಡಾಪೆಸ್ಟ್ ಬಗ್ಗೆ ಒಂದು ಎಚ್ಚರಿಕೆ. ರಾತ್ರಿ ದೀಪದಲ್ಲಿ ಆ ನಗರ ನೋಡೋದು ನಿಜಕ್ಕೂ ಚೆಂದ, ಅದಕ್ಕೇ ಅಲ್ಲಿ ನದಿ ತುಂಬ ದೋಣಿಗಳು. 2019ರ ಮೇ 29ರ ರಾತ್ರಿ ಮಳೆಯಲ್ಲಿ, ಮಾರ್ಗರೆಟ್ ಸೇತುವೆ ಬಳಿ, ನಮ್ಮದರಂಥ ಉದ್ದನೆ ಕ್ರೂಸ್ ಹಡಗೊಂದು ಪುಟ್ಟ ದೋಣಿಗೆ ಡಿಕ್ಕಿ ಹೊಡೆಯಿತು. ದೋಣಿಯಲ್ಲಿದ್ದ 35 ಜನರಲ್ಲಿ ಬದುಕಿದ್ದು ಏಳು ಜನ, ಪ್ರವಾಸಿಗಳೆಲ್ಲ ದಕ್ಷಿಣ ಕೊರಿಯಾದವರು. ಸಣ್ಣ ದೋಣಿ ಹತ್ತುವಾಗ ಲೈಫ್ ಜಾಕೆಟ್ ಎಲ್ಲಿದೆ ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ.

ಈಗ ನಮಗೆ ಬೇಕಾದ ಲೆಕ್ಕ. ಇಂಥ ಕ್ರೂಸ್ ತಲೆಗೆ ಲಕ್ಷಗಳಲ್ಲಿ, ವಿದ್ಯಾರ್ಥಿಗಳ ಮಾತಲ್ಲ. ಹಡಗಿನಲ್ಲಿ ನಮ್ಮನ್ನು ಬಿಟ್ಟರೆ ಬಹುತೇಕ ಎಲ್ಲರೂ ಅಪ್ಪನ ವಯಸ್ಸಿನವರೇ. ಮನೆಯವರನ್ನು ಕಳಿಸುವ ದಿನ ಬಂದರೆ ಕೆಲವು ಮಾತು ನೆನಪಿಡಿ. ನೀರು ಕಡಿಮೆಯಾಗೋದು ಹೆಚ್ಚಾಗಿ ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ. ಆಗ ಹೋಗೋದಾದರೆ ಪಾಸೌನಿಂದ ಹೊರಡುವ ಹಡಗು ಆರಿಸಿ, ಮೇಲಿನ ಆ 70 ಕಿ.ಮೀ. ತಾಪತ್ರಯವೇ ಇರಲ್ಲ. ಕರಾರಿನಲ್ಲಿ ನೀರಿನ ಮಟ್ಟದ ಬಗ್ಗೆ ಏನಿದೆ ಅಂತ ಬುಕ್ ಮಾಡುವ ಮೊದಲೇ ಓದಿ. ಕಿಟಕಿಯ ನೋಟಕ್ಕೆ ಅಂತ ದುಬಾರಿ ಕೋಣೆ ತಗೊಳ್ಳೋ ಮೊದಲು ಯೋಚಿಸಿ: ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ, ಅಮ್ಮ ಪರದೆ ಸರಿಸಿದಾಗ ಎದುರು ಹಡಗಿನಲ್ಲಿ ಒಬ್ಬರು ಹಲ್ಲುಜ್ಜುತ್ತಿದ್ದರು. ಸಸ್ಯಾಹಾರ ಬೇಕಾದರೆ ಬುಕಿಂಗ್ ಮಾಡುವಾಗಲೇ ಬರೆಸಿ, ಇಲ್ಲದಿದ್ದರೆ ವಾರ ಪೂರ್ತಿ ಚೀಸ್. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಯಾವ ದೇಶದಲ್ಲಿ ಇರ್ತೀರೋ ಆ ದೇಶಕ್ಕೆ ಅರ್ಜಿ. ಹಡಗು ಇನ್ನೂ ಕೆಳಗೆ ಸರ್ಬಿಯಾಕ್ಕೆ ಹೋಗಿ ಮತ್ತೆ ಷೆಂಗೆನ್ ಒಳಗೆ ಬರೋದಾದರೆ, ಒಂದಕ್ಕಿಂತ ಹೆಚ್ಚು ಸಲ ಪ್ರವೇಶವಿರುವ ವೀಸಾ ಬೇಕು.

ಇಂಟರ್ನ್‌ಶಿಪ್‌ಗೋ ಎಕ್ಸ್‌ಚೇಂಜ್ ಸೆಮಿಸ್ಟರ್‌ಗೋ ಆ ಕಡೆ ಹೋದವರಿಗೆ ಹಡಗೇ ಬೇಕಿಲ್ಲ. ಮ್ಯೂನಿಕ್‌ನಿಂದ ಪಾಸೌಗೆ ರೈಲಿದೆ, ಅಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತೆ, ದಾರಿಯುದ್ದಕ್ಕೂ ಟೆಂಟ್ ಹಾಕೋ ಜಾಗಗಳಿವೆ. ವಿಯೆನ್ನಾಕ್ಕೆ ಆರೇಳು ದಿನ ಆರಾಮ. ಅಷ್ಟು ದಿನ ಇಲ್ಲದಿದ್ದರೆ ವಿಯೆನ್ನಾದಿಂದ ಬೆಳಿಗ್ಗೆ ರೈಲಿನಲ್ಲಿ ಮೆಲ್ಕ್‌ಗೆ ಬಂದು, ಕ್ರೆಮ್ಸ್‌ವರೆಗೆ ತುಳಿದು, ಸಂಜೆ ಅಲ್ಲಿಂದ ರೈಲಿನಲ್ಲೇ ವಾಪಸ್ ಹೋಗಬಹುದು. ಲಾಕ್‌ಗಳನ್ನು ದಡದಿಂದಲೇ ನಿಂತು ನೋಡಬಹುದು, ಹಡಗಿನೊಳಗಿಂತ ಚೆನ್ನಾಗಿ ಕಾಣುತ್ತೆ, ಹಡಗುಗಳು ಅರ್ಧಕ್ಕರ್ಧ ಲಾಕ್ ದಾಟೋದು ಪ್ರಯಾಣಿಕರು ಮಲಗಿದ ಮೇಲೆ. ಸ್ಪಿಟ್ಸ್‌ನಲ್ಲಿ ಫೆರಿಗೆ ಚಿಲ್ಲರೆ ಇಟ್ಟುಕೊಂಡಿರಿ. ಮೂರು ಸಲ ದಾಟೋರಿದ್ದರೆ ಸ್ವಲ್ಪ ಜಾಸ್ತಿ.